ಕಟ್ಟಪುಣಿ

ಕೆಳಗೆ ನೊರೊನ್ಹಾರ ಗೊಬ್ಬರದಂಗಡಿ,
ಮೇಲೆ ನಮ್ಮ ಗ್ರಂಥಾಲಯ.
ಹದಿನಾಲ್ಕು ಮೆಟ್ಟಿಲು. ಏಳನೆಯದರವರೆಗೆ ಯೂರಿಯಾ ವಾಸನೆ,
ಅಲ್ಲಿಂದಾಚೆ ಹಳೆ ಕಾಗದದ್ದು.
ಮಂಡಿ ನೋವಿನವರು ನಡುವೆ ನಿಂತು
ಎರಡನ್ನೂ ಉಸಿರಾಡುತ್ತಾರೆ.

ಶಿರ್ವ ಪೇಟೆಯಲ್ಲಿ ಆ ಹೊತ್ತಿಗೆ ಎಲ್ಲರ ಕಿವಿ ಒಂದೇ ಕಡೆ:
ಶಂಕರಪುರದಿಂದ ಮಲ್ಲಿಗೆಯ ರೇಟು ಬರಬೇಕು.
ಅಟ್ಟೆಗೆ ಎಷ್ಟಂತೆ, ಅಟ್ಟೆಗೆ ಎಷ್ಟಂತೆ—
ಪೇಪರು ಓದುವವರೂ ತಲೆ ಎತ್ತುತ್ತಾರೆ.
ನಾನೂ ಎತ್ತುತ್ತೇನೆ, ಗೌರವಧನದವಳು,
ಮನೆ ಹಿಂದೆ ಆರು ಗಿಡ ಇಟ್ಟವಳು.

ವಾರಿಜಕ್ಕ ಪುಸ್ತಕ ವಾಪಸು ತಂದದ್ದು
ಹನ್ನೊಂದು ತಿಂಗಳ ಮೇಲೆ,
ಬಾಳೆಲೆಯಲ್ಲಿ ಸುತ್ತಿ, ನಾರು ಬಿಗಿದು, ಹೂವಿನ ಹಾಗೆ.
ಮಲ್ಲಿಗೆ ಬೆಳೆಸುವುದು ಹೇಗೆಂದು
ಇಲಾಖೆಯವರು ಅಚ್ಚು ಹಾಕಿಸಿದ ತೆಳು ಪುಸ್ತಕ,
ಒಂಬತ್ತು ವರ್ಷದಲ್ಲಿ ಬೇರೆ ಯಾರೂ ಮುಟ್ಟದ್ದು.
ಬಿಚ್ಚಿದರೆ ಅಂಚಿನ ತುಂಬ ಸೀಸದಕಡ್ಡಿ:

"ಇಷ್ಟು ನೀರು ಬೇಡ. ಬುಡ ಕೊಳೆಯುತ್ತದೆ."
"ಈ ಮದ್ದು ಬಿಟ್ಟೆ. ಜೇನು ಬರುವುದು ನಿಂತಿತ್ತು."
"ಬಂಗುಡೆ ತೊಳೆದ ನೀರು, ಎಂಟು ದಿನಕ್ಕೊಮ್ಮೆ. ಬೆಕ್ಕು ಕಾಯಬೇಕು."
ಗೆಲ್ಲು ಸವರುವ ಚಿತ್ರದ ಪಕ್ಕ, ಸಣ್ಣಕ್ಕೆ:
"ಇವತ್ತು ಮೊಗ್ಗು ಕೊಯ್ದಿಲ್ಲ. ಅತ್ತೆ ಹೋದರು.
ಅಟ್ಟೆಗೆ ಸಾವಿರದೆಂಟುನೂರು ಇತ್ತು."

ದಂಡ ಮುನ್ನೂರ ಮೂವತ್ತನಾಲ್ಕು ಎಂದೆ.
ಅವರು ಬೆರಳು ಮಡಚಿದರು:
"ಆಟಿಯಲ್ಲಾದರೆ ಆರು ಚೆಂಡು. ಮದುವೆ ದಿನ, ಈಗ ಒಂದೇ.
ಈಗಲೇ ತೆಗೆದುಕೊಳ್ಳಿ."
ರಶೀದಿ ಪುಸ್ತಕದಲ್ಲಿ ಹೂವಿಗೆ ಜಾಗ ಇಲ್ಲ.
ಹೂ ಮುಡಿದೆ, ದಂಡ ನಾನೇ ಕಟ್ಟಿದೆ.

ಆಮೇಲೆ ಅದು ಕಪಾಟಿನಲ್ಲಿ ನಿಂತದ್ದೇ ಇಲ್ಲ.
ಬಂಟಕಲ್ಲಿನ ಲಿಲ್ಲಿ ಬಾಯಿ, ನೀಲಿ ಪೆನ್ನಲ್ಲಿ:
"ನಮ್ಮದು ಮುರಕಲ್ಲು. ನೀರು ನಿಲ್ಲುವುದಿಲ್ಲ. ಎಂತ ಮಾಡುವುದು?"
ಅದರ ಕೆಳಗೆ, ಎರಡು ತಿಂಗಳಾಗಿ, ಪಿಲಾರಿನ ಹಸನಬ್ಬ:
"ತೆಂಗಿನ ಸಿಪ್ಪೆ ಹೂಳಿ. ಹೊಟ್ಟೆ ಮೇಲೆ ಮಾಡಿ."
ಒಬ್ಬರನ್ನೊಬ್ಬರು ಕಂಡವರಲ್ಲ.
ನಡುವೆ ಅಚ್ಚಿನ ಸಾಲು, ಹಗ್ಗ ಹಿಡಿದು ನೆಟ್ಟ ನೇಜಿ.
ನೇಜಿಯ ಮೇಲೆ ಯಾರಾದರೂ ನಡೆಯುತ್ತಾರಾ?
ಜನ ಹೋಗುವುದು ಬರುವುದು ಕಟ್ಟಪುಣಿಯಲ್ಲೇ.

ನೊರೊನ್ಹಾರು ಮೊದಲ ಸಲ ಹದಿನಾಲ್ಕೂ ಹತ್ತಿದರು.
"ಮದ್ದು ಹೋಗುವುದಿಲ್ಲ ಮಾರಾಯ್ರೆ, ಅದೆಂಥ ಪುಸ್ತಕ, ಕೊಡಿ ನೋಡುವ."
ನಿಂತೇ ಓದಿದರು.
ಕನ್ನಡಕ ಹಣೆಗೇರಿಸಿ ಇನ್ನೊಮ್ಮೆ.
ಬೈಯುತ್ತಾರೆ ಎಂದು ಕಾದೆ; ಕಾರ್ಡು ಮಾಡಿಸಿ ಕೊಂಡುಹೋದರು.
ವಾರ ಕಳೆದು ಬಂದಾಗ ಕೊನೆಯ ಪುಟದಲ್ಲಿ ಬಿಲ್ಲಿನ ಅಕ್ಷರ:
"ನೆಲಗಡಲೆ ಹಿಂಡಿ ಬಂದಿದೆ. ಕೆಳಗೆ ವಿಚಾರಿಸಿ."

ಉಡುಪಿಯಿಂದ ತಪಾಸಣೆಗೆ ಬಂದವ ಹುಡುಗ, ಒಳ್ಳೆಯವನೇ.
ಗೀಚಿದ ಪುಸ್ತಕ ಹಾಳಾದ ಪುಸ್ತಕ, ಎಂದ.
ಪಟ್ಟಿಯಿಂದ ತೆಗೆದು ರದ್ದಿಗೆ. ಕಿಲೋಗೆ ಹದಿನಾಲ್ಕು.
ನಮ್ಮ ರದ್ದಿ ಎಲ್ಲಿಗೆ ಹೋಗುತ್ತದೆ, ನನಗೆ ಗೊತ್ತುಂಟು:
ಕೆಳಗೇ, ಬೆಂಡೆ ಬೀಜದ ಪೊಟ್ಟಣಕ್ಕೆ.
ನಮೂನೆಯಲ್ಲಿ ಒಂದು ಖಾನೆ, 'ಹಾನಿಯ ವಿವರ'.
ಪೆನ್ನು ಹಿಡಿದು ಕೂತೆ.
ಎಲ್ಲಿಂದ ಹಿಡಿಯುವುದು? ಬೆಕ್ಕಿನಿಂದಲಾ, ಅತ್ತೆಯಿಂದಲಾ?

ಅಷ್ಟರಲ್ಲಿ ಕೆಳಗೆ ಹೂವಿನವರ ಫೋನು.
ಇಬ್ಬರೂ ಕಿಟಕಿಗೆ ಬಂದೆವು.
"ಎಷ್ಟಂತೆ?"
ಕೇಳಿದ್ದು ಅವನು.
ಅಲೆವೂರಿನಲ್ಲಿ ತಾಯಿ ಗಿಡ ಇಟ್ಟಿದ್ದಾರಂತೆ,
ಈ ಸಲ ಎಲೆ ಎಲ್ಲ ಹಳದಿ.
ಹದಿನೇಳನೇ ಪುಟ, ಎಡಗಡೆ, ಎಂದೆ.

ಖಾನೆ ಇನ್ನೂ ಖಾಲಿ ಉಂಟು.
ಪುಸ್ತಕ ಅಲೆವೂರಿನಲ್ಲಿ, ವಾಯಿದೆ ಮೀರಿ ಒಂಬತ್ತು ದಿನ.
ವಾರಿಜಕ್ಕ ಎರಡು ಸಲ ಕೇಳಿ ಹೋದರು,
ಕಿವಿಯ ಮೇಲೆ ಸೀಸದಕಡ್ಡಿ, ಹೊಸತಾಗಿ ಕೆತ್ತಿದ್ದು.