ಬಿಟ್ಟ ಪೆಟ್ಟು

ಮೈಕ್ ಪರವಾನಗಿಯ ಅರ್ಜಿಯಲ್ಲಿ
ನಾಲ್ಕನೇ ಸಾಲು: ಕಾರ್ಯಕ್ರಮದ ಹೆಸರು.
ಜಯಂತಿ, ಅಂತ ಬರೆದೆ.
ಯಾರದ್ದು? ಕೇಳಿದರು ಠಾಣೆಯ ರೈಟರು
ಪೆನ್ನಿನ ಮುಚ್ಚಳ ಕಿವಿಯಲ್ಲಿ ತಿರುಗಿಸುತ್ತ.
ಒಬ್ಬ ಹಾಡುಗಾರ ಸರ್, ಜಮೈಕಾದವ.
ಅದು ಮೂಡಬಿದ್ರೆಯಿಂದ ಆಚೆಯಾ?
ಅಲ್ಲ ಸರ್, ಸಮುದ್ರದಿಂದ ಆಚೆ.
ಯಾವ ಸಮಾಜ? ಸಂಘ ಉಂಟಾ? ಅಧ್ಯಕ್ಷರು?
ತೀರಿಹೋಗಿ ನಲವತ್ತು ವರ್ಷ ದಾಟಿತು.
ಅಧ್ಯಕ್ಷರಾ?
ಹಾಡುಗಾರ, ಸರ್.

ಹತ್ತು ಗಂಟೆಗೆ ಬಂದ್, ಅಂತ ಸೀಲು ಬಿತ್ತು.

ಬೋಳಾರದಲ್ಲಿ ನಮ್ಮದು ಸೌಂಡ್ಸ್ ಅಂಗಡಿ.
ಮೆಹಂದಿ, ರೋಸ್, ಉರೂಸ್, ಕಬಡ್ಡಿ, ಚುನಾವಣೆ,
ಊರಿನ ಎಲ್ಲ ಗಂಟಲೂ ದೊಡ್ಡದಾಗುವುದು
ನಮ್ಮ ಡಬ್ಬದೊಳಗೇ.
ವರ್ಷದಲ್ಲಿ ಒಂದು ದಿನ, ಫೆಬ್ರವರಿ ಆರು,
ಬಾಡಿಗೆಗೆ ಇಲ್ಲ.

ಶುರು ಮಾಡಿದ್ದು ಲಿಗೋರಿ ಬಾಪ್ಪು.
ಹಡಗಿನ ಹೊಟ್ಟೆಯಲ್ಲಿ ಎಣ್ಣೆ ಒರೆಸುವ ಕೆಲಸ.
ಕಿಂಗ್‌ಸ್ಟನ್ನಿನಲ್ಲಿ ಮೂರು ದಿನ ಲಂಗರು ಬಿದ್ದಾಗ
ಕಾಲಿನ ಬೂಟು ಬಿಚ್ಚಿ ಕೊಟ್ಟು
ಒಂದು ಕ್ಯಾಸೆಟ್ ತಂದರು.
ಬರಿಗಾಲಲ್ಲಿ ಮನೆಗೆ ಬಂದ ಮಗನನ್ನು
ಅಜ್ಜಿ ಸಾಯುವವರೆಗೂ ಆಡಿಕೊಂಡರು.
ಬಿ ಬದಿಯನ್ನು ಉಪ್ಪುಗಾಳಿ ತಿಂದಿತ್ತು.
ಉಳಿದ ಒಂದು ಬದಿಗಾಗಿ
ಹಲಸಿನ ಹಲಗೆಯ ಡಬ್ಬ ಮಾಡಿಸಿದರು, ಆಳೆತ್ತರದ್ದು.
ಬಾಸ್ ಕಿವಿಗಲ್ಲ ಮಗಾ, ಹೊಟ್ಟೆಗೆ,
ಗಂಜಿಯ ಹಾಗೆ, ಅನ್ನುತ್ತಿದ್ದರು.

ಈಗ ಅವರಿಲ್ಲ. ಡಬ್ಬ ಉಂಟು.
ಅದನ್ನು ದೋಣಿಯಲ್ಲಿ ದಾಟಿಸಿ
ಬೆಂಗ್ರೆಯ ಮರಳಿನಲ್ಲಿ ನಿಲ್ಲಿಸುವಷ್ಟರಲ್ಲಿ
ಸೂರ್ಯ ಮುಳುಗಿರುತ್ತಾನೆ.

ಈ ಸಲ ಹನ್ನೊಂದು ಜನ, ಎರಡು ನಾಯಿ.
ಬಲೆ ಹೊಲಿಯುವ ಹಸೈನಾರ್,
ನರ್ಸಿಂಗ್ ಓದುವ ಮಣಿಪುರದ ಇಬ್ಬರು ಹುಡುಗಿಯರು,
ಪಾಲಿಕೆಯ ಕಸದ ಲಾರಿಯಿಂದ ನೇರ ಬಂದ ಬೊಗ್ರಣ್ಣ,
ಹೆಗಲಲ್ಲಿ ಡೋಲು.
ಫೋಟೋ ಇಲ್ಲ, ಹಾರ ಇಲ್ಲ, ಸ್ವಾಗತ ಭಾಷಣ ಇಲ್ಲ.
ಗೂಡಂಗಡಿಯ ಸುಮಿತ್ರಕ್ಕ ಮಾತ್ರ
ಡಬ್ಬದ ತಲೆಯ ಮೇಲೆ
ಒಂದು ಚೆಂಡು ಶಂಕರಪುರ ಮಲ್ಲಿಗೆ ಇಟ್ಟರು.
ಬಾಸಿಗೆ ನಡುಗಿ ಅದು ಬಿತ್ತು.
ಇಟ್ಟರು.
ಬಿತ್ತು.

ಮೂರನೇ ಹಾಡಿನ ನಡುವೆ ಕರೆಂಟು ಹೋಯಿತು.
ಇಷ್ಟು ಹೊತ್ತು ಸಮುದ್ರ ಇಲ್ಲೇ ಇತ್ತೆಂದು
ಆಗ ನೆನಪಾಯಿತು.

ಬೊಗ್ರಣ್ಣ ಡೋಲು ಎತ್ತಿದ,
ಹಾಡು ನಿಂತಲ್ಲಿಂದಲೇ.
ಒಂದನೇ ಪೆಟ್ಟು ಬಿಟ್ಟ.
ಎರಡಕ್ಕೆ ಬೆರಳು ಸವರಿದ.
ಮೂರಕ್ಕೆ ಬಿತ್ತು, ಮರಳಿನ ಅಡಿಗೆ ಹೋಗುವ ಹಾಗೆ.
ನಾಲ್ಕು. ಮತ್ತೆ ಒಂದು ಬಂತು,
ಮತ್ತೆ ಬಿಟ್ಟ.

ಕ್ಯಾಸೆಟ್ ಕೇಳಿ ಕಲಿತದ್ದಾ? ಕೇಳಿದೆ.

ಕೈ ನಿಲ್ಲಿಸದೆ ಹೇಳಿದ:
ಕಂಬಳದ ಹಿಂದಿನ ರಾತ್ರಿ ಗದ್ದೆಯ ಅಂಚಿನಲ್ಲಿ
ನನ್ನ ಅಜ್ಜನನ್ನು ಕೂರಿಸುತ್ತಿದ್ದರು ಮಾರಾಯ,
ಬೆಳಗಾಗುವವರೆಗೆ ಬಡಿಯಬೇಕು,
ಇಬ್ಬನಿಗೆ ಚರ್ಮ ಸಡಿಲಾದರೂ ಬಡಿಯಬೇಕು.
ಆಗುವುದಿಲ್ಲ ಅನ್ನುವ ಬಾಯಿ ನಮಗಿರಲಿಲ್ಲ.
ಅಷ್ಟು ಪೆಟ್ಟಿನ ನಡುವೆ ಒಂದೊಂದನ್ನು
ಅಜ್ಜ ಹೊಡೆಯುತ್ತಿರಲಿಲ್ಲ.
ಕೈ ಎತ್ತುವುದು, ಹಾಗೇ ಇಳಿಸುವುದು.
ಚಪ್ಪರದಲ್ಲಿದ್ದವರಿಗೆ ಗೊತ್ತಾಗುತ್ತಿರಲಿಲ್ಲ.
ಹೊಡೆದದ್ದೆಲ್ಲ ಅವರದ್ದು.
ಅದೊಂದು ನಮ್ಮದು.

ಹಸೈನಾರ್ ಬೀಡಿ ಹಚ್ಚುವವನು ಹಚ್ಚಲಿಲ್ಲ.

ಟಾರ್ಚಿನ ಬೆಳಕು ಬಂತು, ಹಿಂದೆ ರೈಟರು.
ಹತ್ತಾಯಿತು. ಬಂದ್ ಮಾಡಿ.
ಕರೆಂಟೇ ಇಲ್ಲ ಸರ್, ಯಾವುದನ್ನು ಮಾಡುವುದು?
ಬೆಳಕು ಡಬ್ಬವನ್ನು ನೋಡಿತು,
ಮರಳಿನ ಮಲ್ಲಿಗೆಯನ್ನು, ಡೋಲನ್ನು,
ಗಾಳಿಯಲ್ಲಿ ಎತ್ತಿದ್ದ ಒಂದು ಕೈಯನ್ನು.
ಡೋಲಿಗೆ ಅರ್ಜಿಯಲ್ಲಿ ಸಾಲು ಇರಲಿಲ್ಲ.

ಕರೆಂಟು ಬಂತು. ಕ್ಯಾಸೆಟ್ಟಿನವನು
ಅರ್ಧ ಮಾತಿನಿಂದ ಎದ್ದು ಹಾಡಿದ.
ಬೊಗ್ರಣ್ಣ ನಿಲ್ಲಿಸಲಿಲ್ಲ,
ಇಬ್ಬರ ನಡುವೆ ಅರ್ಧ ಹೆಜ್ಜೆ ವ್ಯತ್ಯಾಸ,
ಯಾರೂ ಸರಿಮಾಡಲು ಹೋಗಲಿಲ್ಲ.

ಕೊನೆಯ ದೋಣಿ ಎಷ್ಟಕ್ಕೆ? ರೈಟರು ಕೇಳಿದರು.
ಮರಳು ಹೊಕ್ಕಿದೆ ಎಂದು ಕೂತು,
ಒಂದು ಬೂಟು ಬಿಚ್ಚಿ ಕೊಡವಿದರು,
ಇನ್ನೊಂದನ್ನೂ.
ಪಕ್ಕಕ್ಕೆ ಇಟ್ಟರು.
ಹಾಕಿಕೊಳ್ಳಲಿಲ್ಲ.