ಪೇರಲ

ಕಣ್ಣಿಗೆ ಹನಿ ಬಿಟ್ಟು, ಎರಡು ತಾಸು ತಡೀರಿ,
ಬಿಸಿಲಿಗೆ ಹೋಗಬ್ಯಾಡ್ರಿ, ಅಂದಳು ನರ್ಸಮ್ಮ.
ಗೋಕಾಕದಿಂದ ಬಂದಾಕಿಗೆ ಬೆಳಗಾವಿ ಕ್ಯಾಂಪಿನೊಳಗ
ನೆರಳು ಯಾರ ಮನಿದು?
ರಸ್ತೆ ದಾಟಿದ್ರ ಹಳೇ ಇಗರ್ಜಿ. ಬಾಗಿಲು ತೆರೆದಿತ್ತು.

ಬಲಿಪೀಠದ ಹಿಂದ, ಪಾದ್ರಿಗಳು ನಿಲುವಂಗಿ ತೊಡತಿದ್ದ ಕೋಣಿಯೊಳಗ
ಈಗ ಗಾಜಿನ ಕಪಾಟು, ಕಪಾಟಿನೊಳಗ ಸಂತರು. ಹತ್ತು ರೂಪಾಯಿ ಚೀಟಿ.
ಹರಿದು ಕೊಟ್ಟಾಂವ ಇನಾಸ, ಖಾನಾಪುರದ ಕಡೆಯಾಂವ.
ಅವನ ಕನ್ನಡದೊಳಗ ಕೊಂಕಣಿ, ಸಾರಿನೊಳಗ ಆಮಸೋಲ ಇದ್ದಂಗ.
"ಎಷ್ಟು ಬೇಕಷ್ಟು ನೋಡ್ರಿ ಬಾಯಿ. ಮುಟ್ಟೂದಷ್ಟ ಇಲ್ಲ."
ನನಗ ನೋಡೂದ ಆಗ್ತಿರಲಿಲ್ಲ.

ಪಾಪೆ ಅರಳಿ ಎಲ್ಲಾದಕ್ಕೂ ಬೆಳಕಿನ ಬಳಿ:
ಮೂಗು ಮುರಿದ ಅಂತೋನಿಗೆ ಪ್ರಭಾವಳಿ,
ಬೆಳ್ಳಿ ಬಟ್ಟಲಿಗೆ, ನುಸಿ ತಿಂದ ಜರಿ ಮೇಲಂಗಿಗೆ,
ಇನಾಸನ ಬೋಳು ತಲಿಗೆ,
ಬೆಂಕಿ ಆರಿಸೋ ಕೆಂಪು ಸಿಲಿಂಡರಿಗೂ.

ಆಮ್ಯಾಲ ಕಿಟಕಿ ಕಟ್ಟಿಯ ಮ್ಯಾಲ, ಗಾಜಿನ ಹೊರಗ,
ಮೊಳದುದ್ದದ ಕೂಸು. ಬಾಲಯೇಸು.
ಒಂದು ಕೈ ಎತ್ತೇತಿ. ಇನ್ನೊಂದರಾಗ ನೀಲಿ ದುಂಡಂದು ಏನೋ.
"ಚೀಟಿ ಓದ್ರಿ ಇನಾಸ, ನನಗ ಅಕ್ಷರ ಹರದಾಡ್ತಾವು."
"ಕೈಯಲ್ಲಿ ಭೂಗೋಳ. ಕಟ್ಟಿಗೆ, ಬಣ್ಣ. ಕಲಾವಿದ ಅಜ್ಞಾತ."

ಅಜ್ಞಾತ.
ಆ ಎಡಗೈ ಬಂದಾಗ ನನಗ ಏಳು ವರ್ಷ.
ಪಾದ್ರಿ ಜೀಪಿನಾಗ ಬಂದಿದ್ದ, ದುಪ್ಪಟಿಯೊಳಗ ಕೂಸು ಸುತಗೊಂಡು,
ಅಂಗಳದಾಗ ನಿಂತು, ಬ್ಯಾನಿ ಬಿದ್ದ ಮಗನ್ನ ತಂದವರಂಗ.
ಮಣಿಕಟ್ಟಿನಿಂದ ಕೆಳಗ ಏನೂ ಇರಲಿಲ್ಲ. ಗೆದ್ದಲ.
ಹೊಸ ಕೈ ಮಾಡು ತುಳಜಪ್ಪ, ಕೈಯಾಗ ಭೂಮಿ ಇಡು, ಅಂದ.

ಅಪ್ಪ ಭೂಮಿ ನೋಡಿರಲಿಲ್ಲ. ಹಣ್ಣು ನೋಡಿದ್ದ.
ಮಾವು, ದಾಳಿಂಬ್ರ, ಸೀತಾಫಲ, ಬಾಳಿಕಾಯಿ,
ಇಣಚಿ ಮೋಸ ಹೋಗಿ ಕಚ್ಚಿದ ಹಣ್ಣು ಮಾಡಾಂವ ಅಂವ.
ಹುಣಸಿಬೀಜದ ಅಂಟು ಕಾಸಿದಾಗ ಮನಿ ತುಂಬ ಹುಳಿ ವಾಸನಿ.
"ಹಾಲುಗಲ್ಲದ ಕೂಸಿಗೆ ಭೂಮಿ ಯಾಕ ಹೊರಸ್ತಾರ?" ಅಂದ,
ಪೇರಲ ಮಾಡಿ ಇಟ್ಟ.
ಅರ್ಧ ಹಸರು, ಅರ್ಧ ಹಳದಿ, ಕಚ್ಚಿದ್ರ ಕರಂ ಅನ್ನೂವಂಥಾದ್ದು.
ಕಣ್ಣು ಮಾತ್ರ ಮುಟ್ಟಲಿಲ್ಲ. ಒಂದು ಸ್ವಲ್ಪ ವಾರಿ ಇತ್ತು.
ಹಳೇ ಕೈ ಬರದ ಕಣ್ಣು, ಇರಲಿ.

ಪಾದ್ರಿ ಬಂದು ನಕ್ಕ. ಭಾಳ ಹೊತ್ತು ನಕ್ಕ.
ಆಮ್ಯಾಲ ಮೆತ್ತಗ, ನೀಲಿ ಬಳಿ ತುಳಜಪ್ಪ, ಅಂದ.
ಅಪ್ಪ ಬಳದ.
ಅವತ್ತು ರಾತ್ರಿ ಊಟ ಮಾಡಲಿಲ್ಲ.

ಮಧ್ಯಾಹ್ನದ ಗಂಟಿ ಹೊಡೀತು.
ಇನಾಸ ಎದ್ದು ನಿಂತ, ಕಣ್ಣು ಮುಚ್ಚಿದ, ತುಟಿ ಅಲುಗಿದ್ವು.
ಅಷ್ಟರೊಳಗ ನನ್ನ ತೋರಬಟ್ಟು
ಕೂಸಿನ ಅಂಗೈ ಮತ್ತ ಭೂಮಿಯ ನಡುವ ಹೋತು.
ಇತ್ತು.
ಪೇರಲದ ಬುಡದಾಗಿನ ಒಣಗಿದ ಹೂವಿನ ಕಿರೀಟ,
ಐದು ಮುಳ್ಳುಮುಳ್ಳು ಎಸಳು. ಕುಂಚ ಹೋಗದ ಜಾಗ.
ನೀಲಿ ಮುಟ್ಟಿರಲಿಲ್ಲ ಅದನ್ನ.

ಇನಾಸ ಕಣ್ಣು ತೆರೆದಿದ್ದ.
"ಇದು ಪೇರಲ," ಅಂದೆ, ಕಳ್ಳಿ ಸಿಕ್ಕಂಗ.
"ಗೊತ್ತೈತಿ ಬಾಯಿ. ಶನಿವಾರಕ್ಕೊಮ್ಮೆ ಧೂಳು ಒರಸಾಂವ ನಾನ."
"ಮತ್ತ ಚೀಟಿಯೊಳಗ?"
"ಚೀಟಿ ಬರದವರು ಧೂಳು ಒರಸೂದಿಲ್ಲ."
ಎಷ್ಟೋ ಹೊತ್ತು ಇಬ್ಬರೂ ಸುಮ್ಮನ ನಿಂತಿವಿ.
ಅಪ್ಪನ ಹೆಸರು ಕೇಳಿದ. ಹೇಳಿದೆ.
ಬರಕೋಳ್ಳಲಿಲ್ಲ, ಎರಡು ಸಲ ಬಾಯಾಗ ಅಂದುಕೊಂಡ.

ದವಾಖಾನಿಯೊಳಗ ಡಾಕ್ಟರು ಗೋಡಿ ತೋರಿಸಿದ್ರು:
ಕಡೀ ಸಾಲು, ಅಜ್ಜಿ, ಏನು ಕಾಣತೈತಿ?
ಠ, ಅಂದೆ.
ದುಂಡಗ, ಒಳಗೊಂದು ಬೀಜ.