ಬ್ರೇಕಿನ ಮೇಲೆ ಕೈ

ಮೂವತ್ತೊಂದು ವರ್ಷ ವಾಲ್ಪರೈಸೋದ ಗುಡ್ಡದಲ್ಲಿ
ಹಗ್ಗದ ಗಾಡಿ ನಡೆಸಿದವನು ನಾನು.
ಒಂದು ಪೆಟ್ಟಿಗೆ ಮೇಲೆ ಬರಬೇಕಾದರೆ
ಇನ್ನೊಂದು ಕೆಳಗೆ ಹೋಗಲೇಬೇಕು:
ನನಗೆ ಗೊತ್ತಿದ್ದ ಶಾಸ್ತ್ರ ಅಷ್ಟೇ.

ಪಂತ್ರೂಕಾಗೆ ಹದಿನಾಲ್ಕು ತುಂಬಿತು.
ಕಿಟಕಿಗೆ ನೇರ ಹಾರುತ್ತಿದ್ದದ್ದು
ಮೊದಲು ಕುರ್ಚಿ, ಆಮೇಲೆ ಮೇಜು,
ಆಮೇಲೆ ಬರೀ ಯೋಚನೆ.
ನಾಲಿಗೆ ತಲುಪದ ಬೆನ್ನಲ್ಲಿ ರೋಮ ಗಂಟುಗಂಟು.
ವಯಸ್ಸಾಯ್ತು ಅಂದೆ, ನನಗೂ ಆಗಿದೆಯಲ್ಲ ಅಂದೆ.
ಕಣ್ಣು ಮುಚ್ಚಿ ಹಾಲು ಕುಡಿಯುವ ಜಾತಿ
ನೋವನ್ನೂ ಹಾಗೆಯೇ ಕುಡಿಯುತ್ತದೆ,
ಯಾರೂ ನೋಡಲಿಲ್ಲ ಅಂದುಕೊಂಡು.
ನಾನು ನಿಜಕ್ಕೂ ನೋಡಿರಲಿಲ್ಲ.

ಒಂದು ರಾತ್ರಿ ನನ್ನ ಮಂಡಿನೋವಿನ ಮಾತ್ರೆಯನ್ನೇ
ಚಾಕುವಿನಲ್ಲಿ ಕಾಲು ಮಾಡಿ
ಮೀನಿನೊಳಗೆ ಅಡಗಿಸಿಟ್ಟೆ.
ಮೂಸಿತು, ಬಿಟ್ಟು ಹೋಯಿತು.
ಇದನ್ನು ಹೇಳಿದಾಗ ಡಾಕ್ಟರ್ ಒಯಾರ್ಸೂನ್
ಪೆನ್ನು ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ಮನಿದ್ದರು.
‘ತಿಂದಿದ್ದರೆ ಇವತ್ತು ನೀವೊಬ್ಬರೇ ಬರುತ್ತಿದ್ದಿರಿ,
ದೋನ್ ರೆಮೀಹಿಯೊ.’

ತೂಗಿದರು. ರಕ್ತ ತೆಗೆದರು.
ಪುಟ್ಟ ಸೀಸೆ ಕೊಟ್ಟರು, ಸೂಜಿಯಿಲ್ಲದ ಸಿರಿಂಜು.
ತೂಕ ನೋಡಿ ಗೆರೆ, ಗೆರೆಗಿಂತ ಒಂದು ಹನಿ ಹೆಚ್ಚಿಲ್ಲ.
ಊಟದ ಜೊತೆಗೇ. ಊಟ ಬಿಟ್ಟ ದಿನ ಔಷಧಿಗೂ ರಜೆ.
ವಾಂತಿಯಾದರೆ ನಡುರಾತ್ರಿಯಾದರೂ ಫೋನು.
ಮನೆಯ ತುಂಬ ನೀರಿನ ಬಟ್ಟಲು.
‘ಗುಣವಾಗುತ್ತದಾ?’
‘ಇಲ್ಲ. ಸವೆದ ಕೀಲು ಸವೆದದ್ದೇ.
ನೋವು ಇಳಿಯುತ್ತದೆ.
ಮೂತ್ರಪಿಂಡದ ಮೇಲೆ ಕಣ್ಣಿಟ್ಟಿರೋಣ.’

ಆಗ ಅರ್ಥವಾಯಿತು ನನಗೆ.
ಒಂದು ಪೆಟ್ಟಿಗೆ ಇಳಿಯುವಾಗ
ಎದುರು ಹಳಿಯಲ್ಲಿ ಏನೋ ಏರುತ್ತಿರಬಹುದು,
ಮಂಜಿನಲ್ಲಿ ಕಾಣುವುದಿಲ್ಲ,
ಹಗ್ಗದ ಸದ್ದಿನಲ್ಲೇ ತಿಳಿಯಬೇಕು.

ಆಗಸ್ಟಿನಲ್ಲಿ ರಕ್ತದ ಅಂಕಿ ತುಸು ಏರಿತು.
ಹನಿ ಇಳಿಸಿದೆವು.
ಚಳಿಗೆ ಕುಂಟು ಮರಳಿತು; ಬಿಸಿನೀರಿನ ಬಾಟಲಿಗೆ
ನನ್ನ ಉಣ್ಣೆಯ ಕಾಲುಚೀಲ ತೊಡಿಸಿ ಪಕ್ಕಕ್ಕಿಟ್ಟೆ.
‘ನಿಮ್ಮ ರಕ್ತ ಯಾರು ನೋಡುತ್ತಾರೆ?’ ಕೇಳಿದರು ಡಾಕ್ಟರ್.
ಯಾರು ನೋಡುತ್ತಾರೆ!
ನಾನು ಮಾತು ಬದಲಿಸಿದೆ.

ಫ್ರಿಜ್ಜಿನ ಮೇಲಿನ ಕ್ಯಾಲೆಂಡರಿನಲ್ಲಿ
ದಿನಕ್ಕೊಂದು ಸಾಲು ಬರೆಯುತ್ತೇನೆ,
ಹಿಂದೆ ಗಾಡಿಯ ದಿನಚರಿ ಬರೆದ ಹಾಗೆ.
ಸೋಮವಾರ: ಊಟ ಅರ್ಧ, ಔಷಧಿ ಇಲ್ಲ.
ಮಂಗಳವಾರ: ಊಟ ಪೂರ್ತಿ. ಬಾಚುವಾಗ ಗುರ್ ಅಂದಿತು.
ಬುಧವಾರ: ನಾನು ಬಾಗಿಲಲ್ಲಿ ಬ್ರೆಡ್ಡಿನವನ ಜೊತೆ ಮಾತಾಡುವಾಗ
ಕುರ್ಚಿಯ ಹಂಗಿಲ್ಲದೆ ಮೇಜು ಹತ್ತಿ
ನನ್ನ ಮೀನು ಕದ್ದಿದೆ.
ಇಡೀ ಮೀನು.
ಎರಡು ಸಲ ಗೆರೆ ಎಳೆದೆ ಅದರ ಕೆಳಗೆ.